ಸೆಕೆಂಡಿಗೆ ಒಂದು ಹಕ್ಕಿ

ಸೆಕೆಂಡಿಗೆ ಒಂದು ಹಕ್ಕಿ ಎಂದು ಲೆಕ್ಕ ಹಿಡಿಯೋಣ. ಊಟ, ನಿದ್ದೆ ಬಿಟ್ಟು ಹಗಲೂ ರಾತ್ರಿ ಎಣಿಸುತ್ತ ಹೋದರೆ ಒಂದು ದಿನಕ್ಕೆ 86,400 ಹಕ್ಕಿ ಆಗುತ್ತದೆ. ಹತ್ತು ಲಕ್ಷ ಮುಟ್ಟಲು ಹನ್ನೊಂದೂವರೆ ದಿನ ಬೇಕು. 1980ರ ದಶಕದಲ್ಲಿ ಭಾರತದಲ್ಲಿ ನಾಲ್ಕು ಕೋಟಿ ರಣಹದ್ದುಗಳಿದ್ದವು ಎಂಬ ಅಂದಾಜಿದೆ. ಅವನ್ನು ಹೀಗೆ ಎಣಿಸಲು ಕೂತರೆ 463 ದಿನ, ಅಂದರೆ ಒಂದು ವರ್ಷದ ಮೇಲೆ ಮೂರು ತಿಂಗಳು ಹಿಡಿಯುತ್ತದೆ. 2023ರ ಡಿಸೆಂಬರ್ ಕೊನೆಯಲ್ಲಿ ಕರ್ನಾಟಕ, ಕೇರಳ, ತಮಿಳುನಾಡುಗಳ ಕಾಡುಗಳಲ್ಲಿ ಒಂದೇ ಕಾಲಕ್ಕೆ ರಣಹದ್ದುಗಳನ್ನು ಎಣಿಸಿದರು. ಸಿಕ್ಕಿದ್ದು 320. ಅದೇ ವೇಗದಲ್ಲಿ ಎಣಿಸಿದರೆ ಐದು ನಿಮಿಷ ಇಪ್ಪತ್ತು ಸೆಕೆಂಡಿಗೆ ಮುಗಿಯುತ್ತದೆ. ಇದು ಇಡೀ ದೇಶದ ಲೆಕ್ಕವಲ್ಲ, ನಿಜ. ಆದರೆ ದಕ್ಷಿಣ ಭಾರತದಲ್ಲಿ ರಣಹದ್ದುಗಳು ಉಳಿದಿರುವ ದೊಡ್ಡ ನೆಲೆಯೆಂದರೆ ಇದೇ ನೀಲಗಿರಿ ಸುತ್ತಿನ ಕಾಡು.

ಈ ಕಾಡಿನ ಸೀಮೆಯಲ್ಲೇ ಚೇಕಾಡಿ ಎಂಬ ಹಳ್ಳಿಯಿದೆ. ವಯನಾಡು ಜಿಲ್ಲೆಯ ಪುಲ್ಪಳ್ಳಿ ಪಂಚಾಯಿತಿಗೆ ಸೇರಿದ ಊರು. ಸುತ್ತ ಕಾಡು, ಪಕ್ಕದಲ್ಲಿ ಕಬಿನಿ, ನಡುವೆ ಪರಿಮಳದ ಗಂಧಕಶಾಲ ಭತ್ತ ಬೆಳೆಯುವ ಗದ್ದೆ ಬಯಲು. ಪನಮರಂ ಹೊಳೆ, ಮಾನಂದವಾಡಿ ಹೊಳೆ ಕೂಡಿ ಆದ ಕಬಿನಿ ಇಲ್ಲಿಂದ ಪೂರ್ವಕ್ಕೆ ಸಾಗಿ ಹೆಗ್ಗಡದೇವನಕೋಟೆ ಸೀಮೆಗೆ ಇಳಿಯುತ್ತದೆ. 1974ರಲ್ಲಿ ಮುಗಿದ ಬೀಚನಹಳ್ಳಿ ಅಣೆಕಟ್ಟೆಯ ಹಿಂದೆ ದೊಡ್ಡ ಹಿನ್ನೀರಾಗಿ ಹರಡಿ, ಮುಂದೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ವಯನಾಡು ಅಭಯಾರಣ್ಯ, ನಾಗರಹೊಳೆ, ಬಂಡೀಪುರ, ಮುದುಮಲೆ ಎಂದು ನಾವು ನಾಲ್ಕು ಹೆಸರಿಟ್ಟಿದ್ದೇವೆ, ಮೂರು ರಾಜ್ಯಗಳಿಗೆ ಹಂಚಿದ್ದೇವೆ. ಮೇಲೆ ತೇಲುವ ಹಕ್ಕಿಗೆ ಅದು ಒಂದೇ ಕಾಡು. ದಟ್ಟ ಕಾಡಿನೊಳಗೆ ನಿಂತವರಿಗೆ ಆಕಾಶ ತುಣುಕು ತುಣುಕಾಗಿ ಸಿಗುತ್ತದೆ. ಚೇಕಾಡಿಯಂಥ ಬಯಲಿನಲ್ಲಿ ಇಡಿಯಾಗಿ ಸಿಗುತ್ತದೆ. ಮಳೆ ಹಿಂದೆಗೆದು ಚಳಿ ಕಾಲಿಡುವ ಹೊತ್ತಿಗೆ ಆ ಆಕಾಶಕ್ಕೆ ಹೊರನಾಡಿನ ಬೇಟೆಹಕ್ಕಿಗಳೂ ಬರುತ್ತವೆ. ಕಬಿನಿ ಹಿನ್ನೀರಿನ ಮೇಲೆ ಮೀನಿಗೆ ಎರಗುವ ಡೇಗೆ, ಜೊಂಡಿನ ಮೇಲೆ ತಗ್ಗಿ ಹಾರುವ ‘ಜೌಗು ಸೆಳೆವ’ ಎಂಬ ಹಕ್ಕಿ, ಎರಡೂ ಹಾಗೆ ಬರುವಂಥವು.

ಬೇಟೆಹಕ್ಕಿಗಳ ವಲಸೆಯನ್ನು ಎಣಿಸುವವರು ಲೋಕದಲ್ಲೆಲ್ಲ ನೀರಿನ ದಂಡೆ ಅಥವಾ ಬೆಟ್ಟದ ಸಾಲನ್ನು ಹುಡುಕಿಕೊಂಡು ಹೋಗುತ್ತಾರೆ. ಅದಕ್ಕೆ ಕಾರಣವಿದೆ. ಹದ್ದು, ಗಿಡುಗ, ರಣಹದ್ದುಗಳಿಗೆ ರೆಕ್ಕೆ ಬಡಿದು ದೂರ ಸಾಗುವುದು ಬಹಳ ದುಬಾರಿ. ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಬಿಸಿಗಾಳಿಯ ಕಂಬವನ್ನು ಹಿಡಿದು, ರೆಕ್ಕೆ ಚಾಚಿ, ಸುತ್ತುತ್ತ ಮೇಲಕ್ಕೇರುತ್ತವೆ. ತುದಿ ಮುಟ್ಟಿದ ಮೇಲೆ ಮುಂದಿನ ಕಂಬದವರೆಗೆ ಜಾರಿಕೊಂಡು ಹೋಗುತ್ತವೆ. ಹೀಗೆ ಸಾವಿರಾರು ಕಿಲೋಮೀಟರು ಹೆಚ್ಚು ಖರ್ಚಿಲ್ಲದೆ ಸಾಗುತ್ತದೆ. ಆದರೆ ದೊಡ್ಡ ನೀರಿನ ಮೇಲೆ ಹಗಲಲ್ಲಿ ಇಂಥ ಗಾಳಿ ಏಳುವುದು ಕಡಿಮೆ. ಆದ್ದರಿಂದ ಸರೋವರ ಎದುರಾದರೆ ಅವು ದಡ ಹಿಡಿದು ಬಳಸಿಕೊಂಡು ಹೋಗುತ್ತವೆ. ಖಂಡದಷ್ಟು ಅಗಲಕ್ಕೆ ಹರಡಿಕೊಂಡಿದ್ದ ಹಕ್ಕಿಗಳು ಸರೋವರದ ಮೂಲೆಗೆ ಬಂದಾಗ ಕೆಲವೇ ಕಿಲೋಮೀಟರಿನ ಇಕ್ಕಟ್ಟಿನಲ್ಲಿ ಸೇರುತ್ತವೆ. ಎಣಿಸುವವರು ಕಾಯುವುದು ಆ ಇಕ್ಕಟ್ಟಿನಲ್ಲಿ.

ಉತ್ತರ ಅಮೆರಿಕದ ಈರಿ ಸರೋವರದ ಪಶ್ಚಿಮ ಮೂಲೆಯಲ್ಲಿ, ಡೆಟ್ರಾಯ್ಟ್ ನದಿ ಸರೋವರಕ್ಕೆ ಸೇರುವಲ್ಲಿ ಅಂಥದ್ದೊಂದು ಜಾಗವಿದೆ. ಕೆನಡಾದ ಕಾಡುಗಳಲ್ಲಿ ಮರಿ ಮಾಡಿ ದಕ್ಷಿಣ ಅಮೆರಿಕಕ್ಕೆ ಹೊರಡುವ ಅಗಲರೆಕ್ಕೆಯ ಗಿಡುಗಗಳು ಸೆಪ್ಟೆಂಬರಿನಲ್ಲಿ ಅಲ್ಲಿ ಹಾಯುತ್ತವೆ. 1999ರ ಸೆಪ್ಟೆಂಬರ್ 17ರಂದು, ಒಂದೇ ದಿನದಲ್ಲಿ, ಅಲ್ಲಿ ಲೆಕ್ಕಕ್ಕೆ ಸಿಕ್ಕ ಗಿಡುಗಗಳು ಐದು ಲಕ್ಷಕ್ಕೂ ಹೆಚ್ಚು. ಬಿಸಿಗಾಳಿ ಏಳುವ ಹಗಲಿನ ಎಂಟು ಗಂಟೆಯೆಂದು ಇಟ್ಟುಕೊಂಡರೂ ಸೆಕೆಂಡಿಗೆ ಹದಿನೇಳು ಹಕ್ಕಿ. ಕಣ್ಣು ಮಿಟುಕಿಸಿದರೆ ಐದಾರು ತಪ್ಪಿದ ಹಾಗೆ. ಮೆಕ್ಸಿಕೋದ ವೆರಾಕ್ರೂಸ್‌ನಲ್ಲಿ ಬೆಟ್ಟಕ್ಕೂ ಕಡಲಿಗೂ ನಡುವಿನ ಇಕ್ಕಟ್ಟಾದ ಬಯಲಿನಲ್ಲಿ ಪ್ರತಿ ವರ್ಷ ನಲವತ್ತು ಲಕ್ಷಕ್ಕೂ ಮೀರಿ ಬೇಟೆಹಕ್ಕಿಗಳು ದಾಟುತ್ತವೆ. ಕಾರ್ಡೆಲ್ ಎಂಬ ಊರಿನಲ್ಲಿ ಹೋಟೆಲೊಂದರ ತಾರಸಿಯೇ ಎಣಿಕೆಯ ಜಾಗ. ಕಪ್ಪು ಸಮುದ್ರದ ದಂಡೆಯ ಬಟೂಮಿಯಲ್ಲಿ 2008ರಿಂದ ಎಣಿಸುತ್ತಿದ್ದಾರೆ. ಅಲ್ಲಿ ಶರತ್ಕಾಲವೊಂದರಲ್ಲಿ ಹತ್ತು ಲಕ್ಷ ದಾಟುತ್ತದೆ.

ಸೆಕೆಂಡಿಗೆ ಹದಿನೇಳನ್ನು ಎಣಿಸುವುದಾದರೂ ಹೇಗೆ? ಹಕ್ಕಿಗಳು ಬಿಸಿಗಾಳಿಯ ಕಂಬದಲ್ಲಿ ಸುತ್ತುತ್ತಿರುವಾಗ ಎಣಿಸಲು ಹೋದರೆ ಲೆಕ್ಕ ಕೆಡುತ್ತದೆ. ಒಂದೇ ಹಕ್ಕಿ ಮತ್ತೆ ಮತ್ತೆ ಎದುರಾಗುತ್ತದೆ. ಆದ್ದರಿಂದ ಅವು ಕಂಬದ ತುದಿಯಿಂದ ಹೊರಟು ಸಾಲಾಗಿ ಜಾರುವವರೆಗೆ ಕಾಯುತ್ತಾರೆ. ದೂರದ ಬೆಟ್ಟದ ಮೂಲೆಯನ್ನೋ ಕಂಬವನ್ನೋ ಗುರುತಿಟ್ಟು, ಆ ಗೆರೆ ದಾಟಿದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಹಕ್ಕಿ ವಿರಳವಾಗಿದ್ದರೆ ಒಂದೊಂದಾಗಿ, ದಟ್ಟವಾದರೆ ಹತ್ತು ಹತ್ತಾಗಿ, ಇನ್ನೂ ದಟ್ಟವಾದರೆ ನೂರರ ಗುಂಪಾಗಿ. ಮೊದಲು ಹತ್ತನ್ನು ಬಿಡಿಯಾಗಿ ಎಣಿಸಿ, ಆ ಹತ್ತು ಆಕಾಶದಲ್ಲಿ ಎಷ್ಟು ಜಾಗ ಹಿಡಿಯಿತು ಎಂದು ಕಣ್ಣಿಗೆ ಅಭ್ಯಾಸ ಮಾಡಿಸಿ, ಅದೇ ಅಳತೆಯನ್ನು ಸಾಲಿನುದ್ದಕ್ಕೂ ಇಡುತ್ತ ಹೋಗುತ್ತಾರೆ. ಭತ್ತದ ರಾಶಿಯನ್ನು ಕಾಳು ಎಣಿಸದೆ ಸೇರಿನಲ್ಲಿ ಅಳೆಯುವ ಹಾಗೆ. ಕೈಯಲ್ಲಿ ಪುಟ್ಟದೊಂದು ಎಣಿಕೆಯಂತ್ರ. ಒಂದು ಸಲ ಒತ್ತಿದರೆ ಒಂದು ಅಂಕಿ. ಒಬ್ಬರು ಎಣಿಸಿದರೆ ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಕತ್ತು ನೋಯುತ್ತದೆ, ಕಣ್ಣು ಉರಿಯುತ್ತದೆ, ಆದರೂ ಮರುದಿನ ಬೆಳಿಗ್ಗೆ ಅದೇ ಜಾಗದಲ್ಲಿ ನಿಲ್ಲಬೇಕು. ಏಕೆಂದರೆ ಒಂದು ದಿನದ ಅಂಕಿಗಿಂತ ಹೆಚ್ಚು ಮಾತಾಡುವುದು ಒಂದೇ ಜಾಗದಲ್ಲಿ ವರ್ಷ ವರ್ಷ ಕೂಡಿಟ್ಟ ಅಂಕಿ.

ಅದರ ಬೆಲೆ ಏನೆಂದು ತೋರಿಸಿದ್ದು ಪೆನ್ಸಿಲ್ವೇನಿಯಾದ ಹಾಕ್ ಮೌಂಟನ್. ವಲಸೆ ಹೊರಟ ಗಿಡುಗಗಳನ್ನು ಜನ ಬೆಟ್ಟದ ಮೇಲೆ ನಿಂತು ಮೋಜಿಗೆ ಗುಂಡಿಕ್ಕುತ್ತಿದ್ದ ಜಾಗವದು. 1934ರಲ್ಲಿ ರೊಸಾಲಿ ಎಡ್ಜ್ ಎಂಬ ಹೆಂಗಸು ಆ ಬೆಟ್ಟವನ್ನು ಗುತ್ತಿಗೆ ಹಿಡಿದು ಬಂದೂಕುಗಳನ್ನು ಇಳಿಸಿದರು. ಕಾವಲಿಗೆ ಬಂದ ಮಾರಿಸ್ ಬ್ರೌನ್ ಆ ಶರತ್ಕಾಲದಿಂದಲೇ ಎಣಿಸಲು ತೊಡಗಿದರು. ಬೋಳುಹದ್ದುಗಳಲ್ಲಿ ಅದೇ ವರ್ಷ ಹುಟ್ಟಿದವು ಎಷ್ಟು, ದೊಡ್ಡವು ಎಷ್ಟು ಎಂದೂ ಬೇರೆ ಬೇರೆ ಬರೆದಿಟ್ಟರು. 1935ರಿಂದ 39ರವರೆಗೆ ನೂರರಲ್ಲಿ ನಲವತ್ತು ಎಳೆಯ ಹದ್ದುಗಳಿದ್ದವು. 1955ರಿಂದ 59ರ ಹೊತ್ತಿಗೆ ಅದು ಇಪ್ಪತ್ತಕ್ಕೆ ಇಳಿದಿತ್ತು. ಹದ್ದುಗಳು ಕಾಣುತ್ತಿದ್ದವು, ಮರಿಗಳು ಕಡಿಮೆಯಾಗಿದ್ದವು. ರೇಚೆಲ್ ಕಾರ್ಸನ್ 1962ರ ‘ಸೈಲೆಂಟ್ ಸ್ಪ್ರಿಂಗ್’ ಪುಸ್ತಕದಲ್ಲಿ ಡಿಡಿಟಿ ವಿಷದ ಕಥೆ ಹೇಳುವಾಗ ಈ ಅಂಕಿಗಳನ್ನೇ ಸಾಕ್ಷಿಯಾಗಿ ಮುಂದಿಟ್ಟರು. ಬ್ರೌನ್ ಎಣಿಸಲು ಕೂತಾಗ ಡಿಡಿಟಿ ಹೊಲಗಳಿಗೆ ಬಂದೇ ಇರಲಿಲ್ಲ. ಮುಂದೆ ಇಂಥ ಪ್ರಶ್ನೆ ಏಳುತ್ತದೆ ಎಂದು ತಿಳಿಯದೆಯೇ ಅವರು ಉತ್ತರವನ್ನು ಕೂಡಿಟ್ಟಿದ್ದರು.

ನಮ್ಮ ದೇಶದಲ್ಲೂ ನೀರಿನ ದಂಡೆಯ ಅಂಥದ್ದೊಂದು ಜಾಗವಿದೆ. ನಾಗಾಲ್ಯಾಂಡಿನ ವೋಖಾ ಜಿಲ್ಲೆಯ ದೊಯಾಂಗ್ ಜಲಾಶಯ. 75 ಮೆಗಾವಾಟ್ ವಿದ್ಯುತ್ತಿಗಾಗಿ ಕಟ್ಟಿದ ಅಣೆಕಟ್ಟೆ 2000ದಲ್ಲಿ ಕೆಲಸ ಆರಂಭಿಸಿತು. ಸೈಬೀರಿಯಾದ ಆಗ್ನೇಯ ಭಾಗ, ಉತ್ತರ ಚೀನಾಗಳಲ್ಲಿ ಮರಿ ಮಾಡಿದ ಅಮುರ್ ಚಾಣಗಳು ಅಕ್ಟೋಬರ್, ನವೆಂಬರಿನಲ್ಲಿ ಈ ನೀರಿನ ಸುತ್ತಲಿನ ಮರಗಳಿಗೆ ಬಂದಿಳಿಯುತ್ತವೆ. ಒಂದೊಂದರ ತೂಕ ನೂರೈವತ್ತು ಗ್ರಾಂ ಆಸುಪಾಸು. ಆಫ್ರಿಕಾದ ದಾರಿಗೆ ಮೈಯಲ್ಲಿ ಕೊಬ್ಬು ತುಂಬಿಕೊಳ್ಳಲು ಅಲ್ಲಿ ರೆಕ್ಕೆ ಬಂದು ಏಳುವ ಗೆದ್ದಲನ್ನು ಹೊಟ್ಟೆತುಂಬ ತಿನ್ನುತ್ತವೆ. ಸೇರುವ ಚಾಣಗಳು ಹತ್ತು ಲಕ್ಷದಷ್ಟು ಎಂದು ಅಂದಾಜು. ನಮ್ಮ ಲೆಕ್ಕದಲ್ಲಿ ಹನ್ನೊಂದೂವರೆ ದಿನದ ಎಣಿಕೆ.

2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ರಾಮ್ಕಿ ಶ್ರೀನಿವಾಸನ್, ಹಕ್ಕಿ ಅಧ್ಯಯನಕಾರ ಶಶಾಂಕ್ ದಳ್ವಿ, ನಾಗಾಲ್ಯಾಂಡಿನವರೇ ಆದ ಬಾನೊ ಹರಾಲು, ರೊಕೊಹೆಬಿ ಕುಓಟ್ಸು ಅಲ್ಲಿಗೆ ಹೋದಾಗ ಕಂಡದ್ದು ಮರಗಳ ನಡುವೆ ಕಟ್ಟಿದ ಮೀನುಬಲೆಗಳು, ಅವುಗಳಲ್ಲಿ ಸಿಕ್ಕು ಒದ್ದಾಡುವ ಚಾಣಗಳು, ಗೊಂಚಲು ಗೊಂಚಲಾಗಿ ಮಾರಾಟಕ್ಕೆ ಹೊರಟ ಹಕ್ಕಿಗಳು. ಅವರು ಕಣ್ಣೀರಿಟ್ಟು ಹಿಂದಿರುಗಲಿಲ್ಲ; ಎಣಿಸಿದರು. ಬೇಟೆಗಾರರ ತಂಡಗಳೆಷ್ಟು, ಬಲೆಗಳೆಷ್ಟು, ಒಂದು ಬಲೆಗೆ ಎಷ್ಟು ಹಕ್ಕಿ ಎಂದು ಕೇಳಿ, ನೋಡಿ, ಗುಣಿಸಿದರು. ದಿನಕ್ಕೆ 12,000ದಿಂದ 14,000. ಒಂದು ಹಂಗಾಮಿಗೆ 1,20,000ದಿಂದ 1,40,000. ಅಷ್ಟು ಸಾವನ್ನು ಸೆಕೆಂಡಿಗೆ ಒಂದರಂತೆ ಎಣಿಸಿದರೆ ಮೂವತ್ತಮೂರರಿಂದ ಮೂವತ್ತೊಂಬತ್ತು ಗಂಟೆ ಬೇಕು. ಆ ಅಂಕಿ, ಆ ಚಿತ್ರಗಳು ಲೋಕದ ಕಣ್ಣಿಗೆ ಬಿದ್ದವು. ಸರ್ಕಾರ ಎಚ್ಚೆತ್ತಿತು. ಎಲ್ಲಕ್ಕಿಂತ ಮುಖ್ಯವಾಗಿ ಪಾಂಗ್ತಿ ಮತ್ತು ಸುತ್ತಲಿನ ಹಳ್ಳಿಗಳ ಸಭೆಗಳು, ಚರ್ಚುಗಳು ಬೇಟೆ ಬೇಡವೆಂದು ತೀರ್ಮಾನಿಸಿದವು. ಮರುವರ್ಷ, 2013ರಲ್ಲಿ, ದೊಯಾಂಗಿನಲ್ಲಿ ಬಲೆಗೆ ಬಿದ್ದ ಚಾಣಗಳ ಲೆಕ್ಕ ಸೊನ್ನೆ. ಲಕ್ಷದಿಂದ ಸೊನ್ನೆಗೆ ಒಂದೇ ವರ್ಷ! ಬಲೆ ಕಟ್ಟಿದ ಕೈಗಳೇ ಬಲೆ ಬಿಚ್ಚಿದವು. ಭಾರತದ ವನ್ಯಜೀವಿ ರಕ್ಷಣೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಗೆಲುವನ್ನು ನೆನೆಯುವುದು ಕಷ್ಟ.

ಅದೇ ನವೆಂಬರಿನಲ್ಲಿ ಮೂರು ಚಾಣಗಳ ಬೆನ್ನಿಗೆ ಐದು ಗ್ರಾಂ ತೂಕದ, ಬಿಸಿಲಿನಿಂದ ನಡೆಯುವ ಉಪಗ್ರಹ ಟ್ರಾನ್ಸ್‌ಮಿಟರ್ ಕಟ್ಟಿ ಬಿಟ್ಟರು. ನಾಗಾ, ವೋಖಾ, ಪಾಂಗ್ತಿ ಎಂದು ಹೆಸರಿಟ್ಟರು. ನಾಗಾ ಎಂಬ ಚಾಣ ಭಾರತದ ಪರ್ಯಾಯ ದ್ವೀಪವನ್ನು ದಾಟಿ, ಎಲ್ಲೂ ಇಳಿಯದೆ ಅರಬ್ಬೀ ಸಮುದ್ರವನ್ನೂ ದಾಟಿ ಐದು ದಿನ ಹತ್ತು ಗಂಟೆಯಲ್ಲಿ 5,600 ಕಿಲೋಮೀಟರು ಹಾರಿತು. ಗಂಟೆಗೆ ನಲವತ್ತಮೂರು ಕಿಲೋಮೀಟರು, ನೂರ ಮೂವತ್ತು ಗಂಟೆ, ನಿದ್ದೆಗೂ ನೆಲವಿಲ್ಲ. ಬಿಸಿಗಾಳಿಗೆ ಕಾಯುವ ದೊಡ್ಡ ಹದ್ದುಗಳು ಸರೋವರಕ್ಕೇ ಹೆದರಿ ಬಳಸು ದಾರಿ ಹಿಡಿದರೆ, ಅಂಗೈಯಲ್ಲಿ ಕೂರುವಷ್ಟು ಹಗುರವಾದ ಈ ಹಕ್ಕಿ ಹಿಂದಿನಿಂದ ಬೀಸುವ ಗಾಳಿಯನ್ನು ನಂಬಿ ಕಡಲಿಗೇ ಇಳಿಯುತ್ತದೆ. ಅದೇ ಕಾಲಕ್ಕೆ ಅದೇ ಗಾಳಿಯಲ್ಲಿ ಲಕ್ಷಾಂತರ ಏರೋಪ್ಲೇನ್ ಚಿಟ್ಟೆಗಳೂ ಭಾರತದಿಂದ ಆಫ್ರಿಕಾದತ್ತ ಸಾಗುತ್ತವೆ ಎಂದು ಮಾಲ್ಡೀವ್ಸ್‌ನಲ್ಲಿದ್ದ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಬರೆದರು. ಚಾಣಗಳು ಅವನ್ನೇ ತಿನ್ನುತ್ತ ಕಡಲು ದಾಟುತ್ತಿರಬಹುದು ಎಂಬುದು ಸಂಶೋಧಕರ ಊಹೆ.

ಚಾಣಗಳನ್ನು ಎಣಿಸಿದ್ದರಿಂದ ಅವು ಉಳಿದವು. ರಣಹದ್ದುಗಳ ಪಾಡು ಬೇರೆ. 1980ರ ದಶಕದಲ್ಲಿ ಬಿಳಿಬೆನ್ನಿನ ರಣಹದ್ದನ್ನು ಲೋಕದ ದೊಡ್ಡ ಬೇಟೆಹಕ್ಕಿಗಳಲ್ಲೆಲ್ಲ ಸಂಖ್ಯೆಯಲ್ಲಿ ಮೊದಲನೆಯದು ಇದೇ ಇರಬೇಕು ಎಂದು ಹಕ್ಕಿ ಶಾಸ್ತ್ರಜ್ಞರು ಬರೆದಿದ್ದರು. ಊರಾಚೆ ದನದ ಹೆಣ ಬಿದ್ದರೆ ನೂರಾರು ಇಳಿಯುತ್ತಿದ್ದವು. ಅಷ್ಟಿರುವುದನ್ನು ಯಾರು ಎಣಿಸುತ್ತಾರೆ? ಎಣಿಸಿದವರು ಕೆಲವರೇ. ಭರತಪುರದ ಕೇವಲಾದೇವ್‌ನಲ್ಲಿ ವಿಭು ಪ್ರಕಾಶ್ 1987–88ರಲ್ಲಿ ಬಿಳಿಬೆನ್ನಿನ ರಣಹದ್ದಿನ 353 ಗೂಡುಗಳನ್ನು ಎಣಿಸಿದ್ದರು. ಹತ್ತು ವರ್ಷದ ಮೇಲೆ ಎಣಿಸಿದಾಗ ಅರ್ಧಕ್ಕಿಂತ ಕಡಿಮೆ. ಮುಂದೆ ಕೆಲವೇ ವರ್ಷಗಳಲ್ಲಿ ಒಂದೂ ಇಲ್ಲ. 1991ರಿಂದ 93ರವರೆಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ದೇಶದ ರಸ್ತೆಗಳಲ್ಲಿ ವಾಹನದಲ್ಲಿ ಸಾಗುತ್ತ ಬೇಟೆಹಕ್ಕಿಗಳನ್ನೆಲ್ಲ ಎಣಿಸಿದ್ದರು. 2000ದಲ್ಲಿ ಅವೇ ರಸ್ತೆಗಳಲ್ಲಿ ಮತ್ತೆ ಹೋದರು. ಹೋಲಿಸಲು ಹಳೆಯ ಅಂಕಿ ಕೈಯಲ್ಲಿದ್ದುದರಿಂದಲೇ ದುರಂತದ ಆಳ ಗೊತ್ತಾಯಿತು. 1992ರಿಂದ 2007ರ ನಡುವೆ ಬಿಳಿಬೆನ್ನಿನ ರಣಹದ್ದು ನೂರಕ್ಕೆ 99.9ರಷ್ಟು ಅಳಿದಿತ್ತು. ಸಾವಿರಕ್ಕೆ ಒಂದು ಉಳಿದಿತ್ತು.

ಕೊಂದದ್ದು ಡೈಕ್ಲೋಫೆನಾಕ್, ದನಗಳ ನೋವಿಗೆ ಕೊಡುತ್ತಿದ್ದ ಔಷಧಿ. ಔಷಧಿ ಮೈಯಲ್ಲಿರುವಾಗಲೇ ಸತ್ತ ದನವನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಲವೇ ದಿನಗಳಲ್ಲಿ ಕೆಡುತ್ತದೆ. 2004ರಲ್ಲಿ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಪಾಕಿಸ್ತಾನದ ರಣಹದ್ದುಗಳಲ್ಲಿ ಇದನ್ನು ಪತ್ತೆ ಮಾಡಿದರು. ಅದೇ ವರ್ಷ ಬಂದ ಇನ್ನೊಂದು ಲೆಕ್ಕ ಬೆಚ್ಚಿಬೀಳಿಸುವಂಥದ್ದು. ಸತ್ತ ಎಲ್ಲ ದನಗಳೂ ವಿಷವಾಗಿರಬೇಕಿಲ್ಲ. 760 ಹೆಣಗಳಲ್ಲಿ ಒಂದರಿಂದ 130ರಲ್ಲಿ ಒಂದು ವಿಷವಾಗಿದ್ದರೂ ಈ ಕುಸಿತಕ್ಕೆ ಸಾಕು! ಒಂದು ಹೆಣಕ್ಕೆ ಹತ್ತಾರು, ನೂರಾರು ಹಕ್ಕಿ ಒಟ್ಟಿಗೆ ಇಳಿಯುವುದೇ ಅವಕ್ಕೆ ಮುಳುವಾಯಿತು. ಭಾರತ 2006ರಲ್ಲಿ ಪಶುಚಿಕಿತ್ಸೆಗೆ ಡೈಕ್ಲೋಫೆನಾಕ್ ಬಳಕೆಯನ್ನು ನಿಷೇಧಿಸಿತು. 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೋಫೆನಾಕ್‌ಗಳಿಗೂ ತಡೆ ಬಂತು. ಈ ನಷ್ಟ ಹಕ್ಕಿಗಳದ್ದು ಮಾತ್ರವಲ್ಲ. ಹೆಣ ತಿಂದು ಊರನ್ನು ಚೊಕ್ಕವಾಗಿಡುತ್ತಿದ್ದ ಹಕ್ಕಿ ಇಲ್ಲವಾದ ಮೇಲೆ ಕೊಳೆತ ಹೆಣ ಉಳಿಯಿತು, ನೀರು ಕೆಟ್ಟಿತು, ಬೀದಿನಾಯಿ ಹೆಚ್ಚಿತು. 2000ದಿಂದ 2005ರವರೆಗೆ ಇದರಿಂದ ಹೆಚ್ಚುವರಿಯಾಗಿ ಸುಮಾರು ಐದು ಲಕ್ಷ ಮನುಷ್ಯರು ಸತ್ತರು ಎಂದು ಇಯಾಲ್ ಫ್ರಾಂಕ್, ಅನಂತ್ ಸುದರ್ಶನ್ ಎಂಬ ಅರ್ಥಶಾಸ್ತ್ರಜ್ಞರು 2024ರಲ್ಲಿ ಪ್ರಕಟಿಸಿದ ಅಧ್ಯಯನ ಅಂದಾಜಿಸುತ್ತದೆ.

ಇದಿಷ್ಟೂ ಮನಸ್ಸಿನಲ್ಲಿದ್ದರೆ ನೀಲಗಿರಿ ಸುತ್ತಿನ ಕಾಡಿನ 320ರ ತೂಕ ತಿಳಿಯುತ್ತದೆ. ಲಕ್ಷವನ್ನು ಎಣಿಸಲು ಪಟ್ಟಷ್ಟೇ ಪಾಡನ್ನು ಇಲ್ಲಿ ಮುನ್ನೂರಕ್ಕೆ ಪಡಬೇಕು. ದಿನಕ್ಕೆ ನೂರು ಕಿಲೋಮೀಟರು ಸುತ್ತುವುದು ರಣಹದ್ದಿಗೆ ಹೆಚ್ಚಲ್ಲ. ಬೆಳಿಗ್ಗೆ ವಯನಾಡಿನ ಮೇಲೆ ಕಂಡದ್ದು ಮಧ್ಯಾಹ್ನಕ್ಕೆ ಬಂಡೀಪುರದ ಮೇಲಿರಬಹುದು. ಇಂದು ಒಂದು ಕಾಡು, ನಾಳೆ ಇನ್ನೊಂದು ಕಾಡು ಎಂದು ಎಣಿಸಿದರೆ ಒಂದೇ ಹಕ್ಕಿ ಎರಡು ರಾಜ್ಯದ ಪಟ್ಟಿಯಲ್ಲಿ ಬರುತ್ತದೆ. ಅದಕ್ಕೇ ಎಲ್ಲ ಕಾಡುಗಳಲ್ಲೂ ಒಂದೇ ಹೊತ್ತಿಗೆ, ಆಕಾಶ ತೆರೆದು ಕಾಣುವ ಜಾಗಗಳಲ್ಲಿ ತಂಡಗಳು ನಿಲ್ಲುತ್ತವೆ. ಯಾವ ಜಾತಿ, ಎಷ್ಟು ಗಂಟೆಗೆ, ಯಾವ ದಿಕ್ಕಿಗೆ ಎಂದು ಬರೆದಿಟ್ಟರೆ ಆಮೇಲೆ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಇಮ್ಮಡಿ ಲೆಕ್ಕವನ್ನು ತೆಗೆಯಬಹುದು. ಇಂಥ ಮೊದಲ ಎಣಿಕೆ 2023ರ ಫೆಬ್ರವರಿಯಲ್ಲಿ ನಡೆಯಿತು. ಆಗ ಸಿಕ್ಕವು 246. ಡಿಸೆಂಬರಿನ ಎರಡನೆಯದರಲ್ಲಿ 320: ಬಿಳಿಬೆನ್ನಿನವು 217, ಕೆಂಪುತಲೆಯವು 50, ಉದ್ದಕೊಕ್ಕಿನವು 47, ಬಿಳಿ ರಣಹದ್ದು 4, ಹಿಮಾಲಯದ ರಣಹದ್ದು 1, ಕಪ್ಪು ರಣಹದ್ದು 1.

ಹತ್ತು ತಿಂಗಳಲ್ಲಿ 74 ಹೆಚ್ಚಿತೆಂದು ಹಿಗ್ಗುವ ಮೊದಲು ಇನ್ನೊಂದು ಅಂಕಿಯನ್ನು ನೆನೆಯಬೇಕು. ಈ ರಣಹದ್ದುಗಳಲ್ಲಿ ಹೆಚ್ಚಿನವು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಹುಟ್ಟಿದ ಮರಿ ತಾನು ಗೂಡು ಕಟ್ಟಲು ನಾಲ್ಕೈದು ವರ್ಷ ಕಾಯಬೇಕು. ಅಂಥ ಹಕ್ಕಿ ಹತ್ತು ತಿಂಗಳಲ್ಲಿ ನೂರಕ್ಕೆ ಮೂವತ್ತರಷ್ಟು ಹೆಚ್ಚಲಾರದು. ಹೆಚ್ಚಿನದರಲ್ಲಿ ಬಹುಪಾಲು ಮೊದಲ ಸಲ ಕಣ್ಣಿಗೆ ಬೀಳದೆ ಉಳಿದವೇ ಇರಬೇಕು. ಅದೂ ಸಂತೋಷದ ಸಂಗತಿಯೇ. ಕಾಣದೆ ಉಳಿದಿದ್ದವು ಇದ್ದೇ ಇದ್ದವು ಎಂದಾಯಿತು. ಕೇರಳದ ಮಟ್ಟಿಗಂತೂ ರಣಹದ್ದುಗಳು ಗೂಡು ಕಟ್ಟಿ ಉಳಿದಿರುವ ಕೊನೆಯ ಜಾಗ ವಯನಾಡು. ಇಲ್ಲಿ ಒಂದು ಗೂಡು ತಪ್ಪಿದರೆ ರಾಜ್ಯದ ಪಟ್ಟಿಯಲ್ಲೇ ತಪ್ಪಿದಂತೆ.

ಆ ಪಟ್ಟಿಯ ಕೊನೆಯ ಎರಡು ಒಂದುಗಳನ್ನು ಇನ್ನೊಮ್ಮೆ ನೋಡಿ. ಹಿಮಾಲಯದ ರಣಹದ್ದು, ಕಪ್ಪು ರಣಹದ್ದು ಎರಡೂ ಇಲ್ಲಿಯವಲ್ಲ, ಚಳಿಗಾಲಕ್ಕೆ ಬಂದ ವಲಸಿಗರು. ಹಿಮಾಲಯದಿಂದ ವಯನಾಡಿಗೆ ಸುಮಾರು 2,000 ಕಿಲೋಮೀಟರು. ಕಪ್ಪು ರಣಹದ್ದಿನ ರೆಕ್ಕೆ ಬಿಚ್ಚಿದರೆ ಮೂರು ಮೀಟರಿನವರೆಗೆ, ತೂಕ ಹನ್ನೆರಡು ಕಿಲೋವರೆಗೂ ಬರುತ್ತದೆ. ಅಮುರ್ ಚಾಣಕ್ಕೆ ಎಂಬತ್ತು ಪಟ್ಟು. ಅಂಥದ್ದೊಂದು ಜೀವ ರೆಕ್ಕೆಯನ್ನು ಹೆಚ್ಚು ಬಡಿಯದೆ ಗಾಳಿಕಂಬದಿಂದ ಗಾಳಿಕಂಬಕ್ಕೆ ಜಾರುತ್ತ ಇಲ್ಲಿಯವರೆಗೆ ಬಂದಿತ್ತು. ಮೂರು ರಾಜ್ಯಗಳ ಆಕಾಶವನ್ನು ಕಾದು ಕೂತಿದ್ದ ಜನರಲ್ಲಿ ಯಾರೋ ಒಬ್ಬರು ಅದನ್ನು ಕಂಡು, ಗುರುತಿಸಿ, ಹಾಳೆಯ ಮೇಲೆ ಒಂದು ಎಂದು ಬರೆದರು. ಈರಿ ಸರೋವರದ ಐದು ಲಕ್ಷಕ್ಕೆ ಎಷ್ಟು ಬೆರಗಾಗುತ್ತೇನೋ ಈ ಒಂದಕ್ಕೂ ಅಷ್ಟೇ ಬೆರಗಾಗುತ್ತೇನೆ.

ಎಣಿಸುವ ಕೆಲಸಕ್ಕೆ ಇಲಾಖೆ, ವಿಜ್ಞಾನಿಗಳೇ ಬೇಕೆಂದೇನೂ ಇಲ್ಲ. 2015ರಿಂದ 2020ರವರೆಗೆ ಕೇರಳದಲ್ಲಿ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ರಾಜ್ಯವನ್ನೇ ಚೌಕಗಳಾಗಿ ಹಂಚಿಕೊಂಡು, ಮಳೆಗಾಲಕ್ಕೊಮ್ಮೆ ಬೇಸಿಗೆಗೊಮ್ಮೆ ನಡೆದು, 361 ಜಾತಿಗಳ ಸುಮಾರು ಮೂರು ಲಕ್ಷ ದಾಖಲೆ ಕೂಡಿಸಿದರು. ಭಾರತದಲ್ಲಿ ಒಂದು ರಾಜ್ಯಕ್ಕೆ ಆದ ಮೊದಲ ಹಕ್ಕಿ ಅಟ್ಲಾಸ್ ಅದು. 2023ರಲ್ಲಿ ಬಂದ ದೇಶದ ಹಕ್ಕಿಗಳ ಸ್ಥಿತಿಗತಿಯ ವರದಿ ನಿಂತಿರುವುದು ಸುಮಾರು 30,000 ಹಕ್ಕಿಪ್ರಿಯರು ಇ-ಬರ್ಡ್ ಎಂಬ ಜಾಲತಾಣಕ್ಕೆ ಸೇರಿಸಿದ ಮೂರು ಕೋಟಿ ದಾಖಲೆಗಳ ಮೇಲೆ. ಸೆಕೆಂಡಿಗೆ ಒಂದರಂತೆ ಓದಿದರೆ 347 ದಿನ ಬೇಕು. ನಾಲ್ಕು ಕೋಟಿ ರಣಹದ್ದುಗಳು ಹಾರುತ್ತಿದ್ದಾಗ ಅವನ್ನು ಬರೆದಿಟ್ಟವರು ಬೆರಳೆಣಿಕೆಯಷ್ಟು. ಈಗ ಬರೆದಿಡುವವರೇ ಸಾವಿರಾರು ಮಂದಿ ಇದ್ದಾರೆ.

ಹಾಗಾಗಿ ನನ್ನ ಕೋರಿಕೆ ಇಷ್ಟೆ. ಅಪರೂಪದ ಹಕ್ಕಿ ಕಂಡಾಗ ಎಲ್ಲರೂ ಬರೆಯುತ್ತಾರೆ; ಊರ ಮೇಲೆ ದಿನವೂ ಸುತ್ತುವ ಹದ್ದನ್ನು, ಗದ್ದೆಯ ಮೇಲಿನ ಗರುಡನನ್ನು, ತೋಟದ ಶಿಕ್ರಾವನ್ನು ಬರೆಯುವವರು ಬೇಕು. ಚೇಕಾಡಿಯಲ್ಲಾಗಲಿ, ಹೆಗ್ಗಡದೇವನಕೋಟೆಯಲ್ಲಾಗಲಿ, ಬೆಂಗಳೂರಿನ ಮನೆಯ ಮಾಳಿಗೆಯ ಮೇಲಾಗಲಿ, ಒಂದೇ ಜಾಗ, ಒಂದೇ ಹೊತ್ತು ಗೊತ್ತು ಮಾಡಿಕೊಂಡು ವಾರಕ್ಕೆ ಕಾಲುಗಂಟೆ ಆಕಾಶ ನೋಡಿ ಕಂಡದ್ದನ್ನು ಬರೆದಿಟ್ಟರೆ ಸಾಕು. ಬಿಳಿಬೆನ್ನಿನ ರಣಹದ್ದು ಸಾವಿರಕ್ಕೆ ಒಂದಾಗಿ ಇಳಿದದ್ದು ನಮಗೆ ತಿಳಿದದ್ದು, ಅದು ಇನ್ನೂ ಸಾವಿರವಾಗಿದ್ದಾಗ ಕೆಲವರು ರಸ್ತೆಯುದ್ದಕ್ಕೂ ಎಣಿಸಿದ್ದರಿಂದ. ಇಂದು ಯಾರಿಗೂ ಬೇಡವೆನಿಸುವಷ್ಟು ಹೇರಳವಾಗಿರುವ ಹದ್ದಿನ ಅಂಕಿ 2050ರಲ್ಲಿ ಒಬ್ಬ ಸಂಶೋಧಕಿಗೆ ಬೇಕಾಗುತ್ತದೆ. ಆಗ ಎಷ್ಟಿದ್ದವು ಎಂದು ಅವಳು ಕೇಳಿದಾಗ ಕೊಡಲು ನಮ್ಮಲ್ಲಿ ಒಂದು ಸಂಖ್ಯೆ ಇರಬೇಕು.